ಬೆಲ್ಲದ ಪಾಕದಿಂದ ಮೊದಲುಮಾಡಿ: ಮನೆಯಲ್ಲೇ ಹೊಸ ಪಾನೀಯ, ಅದಕ್ಕೊಪ್ಪುವ ತಿಂಡಿ

ರಾಮನವಮಿಯ ದಿನ ಮೈಸೂರಿನ ಬೀದಿಬೀದಿಗಳಲ್ಲಿ ಚಪ್ಪರ ಹಾಕಿ ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಮೂರನ್ನೂ ಒಂದೇ ಹೊತ್ತಿನಲ್ಲಿ ಕೊಡುವುದರ ಹಿಂದೆ ಬಹಳ ನುರಿತ ನಾಲಿಗೆಯ ತಿಳಿವಳಿಕೆ ಇದೆ. ಬೆಲ್ಲದ ಸಿಹಿಯನ್ನು ಒಣಶುಂಠಿ ಮತ್ತು ಮೆಣಸಿನ ಖಾರ ಹಿಡಿದು ನಿಲ್ಲಿಸುತ್ತದೆ, ಆ ಸಿಹಿಯ ಮೇಲೆ ಹೆಸರುಬೇಳೆ ಕೋಸಂಬರಿಯ ಉಪ್ಪು ಹುಳಿಗಳು ಎರಡು ಪಟ್ಟು ರುಚಿಸುತ್ತವೆ, ಕೊನೆಯಲ್ಲಿ ಮಜ್ಜಿಗೆ ಬಾಯಿಯನ್ನು ತಣಿಸಿ ಮತ್ತೊಂದು ಗುಟುಕು ಪಾನಕಕ್ಕೆ ಸಿದ್ಧಗೊಳಿಸುತ್ತದೆ. ಕುಡಿಯುವುದನ್ನು ತಿನ್ನುವುದರ ಜೊತೆಗಿಟ್ಟು ನೋಡುವ ಈ ಅಭ್ಯಾಸವನ್ನೇ ಇನ್ನಷ್ಟು ಮುಂದಕ್ಕೆ ಒಯ್ದರೆ, ಪೇಟೆಯ ಬಾಟಲಿಗಳ ಹಂಗಿಲ್ಲದೆ, ಮೈಸೂರು ಮಂಡ್ಯಗಳ ಸಂತೆಯಲ್ಲಿ ಸಿಗುವ ಪದಾರ್ಥಗಳಿಂದಲೇ ಹತ್ತಾರು ಹೊಸ ಪಾನೀಯಗಳನ್ನು ಮನೆಯಲ್ಲಿ ಕಂಡುಕೊಳ್ಳಬಹುದು. ಇಲ್ಲಿ ವಿವರಿಸುವ ಪಾನೀಯಗಳು ಯಾವುವೂ ಮದ್ಯವಲ್ಲ. ಮನೆಯ ಮಕ್ಕಳಿಂದ ಹಿರಿಯರವರೆಗೆ ಎಲ್ಲರೂ ಕೂಡಿ ಕುಡಿಯುವಂಥದ್ದನ್ನೇ ಆರಿಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಒಂದು ಪಾಕ, ಒಂದು ಅಳತೆ

ಹೊಸ ಪಾನೀಯವನ್ನು ಹುಡುಕುವವರು ಮೊದಲು ಒಂದು ಹಳೆಯ ಪಾನೀಯವನ್ನು ಅಳತೆಯಿಟ್ಟು ಮಾಡಲು ಕಲಿಯಬೇಕು. ಕಣ್ಣಂದಾಜಿನಲ್ಲಿ ಮಾಡಿದ ಪಾನಕ ಎಷ್ಟೇ ಚೆನ್ನಾಗಿದ್ದರೂ ಮರುದಿನ ಅದನ್ನು ಹಾಗೆಯೇ ಮಾಡಲು ಬರುವುದಿಲ್ಲ, ಹಾಗಾಗಿ ಅದನ್ನು ತಿದ್ದಲೂ ಬರುವುದಿಲ್ಲ.

ಅರ್ಧ ಕಿಲೋ ಬೆಲ್ಲವನ್ನು ಕುಟ್ಟಿ, 250 ಮಿ.ಲೀ. ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಕರಗಿದ ಮೇಲೆ ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಮರಳು, ಕಬ್ಬಿನ ನಾರು ಎಲ್ಲವೂ ಮೇಲೆ ಉಳಿಯುತ್ತವೆ. ಸೋಸಿದ ನೀರನ್ನು ಮತ್ತೆ ಒಲೆಗಿಟ್ಟು ಐದು ನಿಮಿಷ ಕುದಿಸಿ ಆರಿಸಿದರೆ ಸುಮಾರು 550 ಮಿ.ಲೀ. ಪಾಕ ಸಿಗುತ್ತದೆ. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಬಳಸಬಹುದು. ಮೇಲೆ ನೊರೆ ಕಂಡರೆ ಅಥವಾ ಹೆಂಡದ ವಾಸನೆ ಬಂದರೆ ಚೆಲ್ಲಿಬಿಡಬೇಕು.

ಬೆಲ್ಲದ ಆಯ್ಕೆಯಲ್ಲಿ ಮಂಡ್ಯದ ಸುತ್ತಮುತ್ತ ಇರುವವರು ಪುಣ್ಯವಂತರು. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು ಈ ಸೀಮೆ ಕಬ್ಬಿನ ನಾಡಾಯಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯೂ ಆಯಿತು, ಆದರೂ ಆಲೆಮನೆಗಳು ಮಾತ್ರ ತಮ್ಮ ಕೆಲಸವನ್ನು ಬಿಡಲಿಲ್ಲ. ಅಚ್ಚು ಬೆಲ್ಲವಾಗಲಿ ಬಕೆಟ್ ಬೆಲ್ಲವಾಗಲಿ, ಕಂದುಬಣ್ಣದ್ದನ್ನೇ ಕೊಳ್ಳುವುದು ಒಳ್ಳೆಯದು. ಹೊಂಬಣ್ಣಕ್ಕೆ ತಿರುಗಲೆಂದು ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುತ್ತಾರೆ, ಅಂಥ ಬೆಲ್ಲದಲ್ಲಿ ಸಿಹಿ ಇರುತ್ತದೆಯೇ ಹೊರತು ಕಬ್ಬಿನ ಕಾದ ಘಮ ಇರುವುದಿಲ್ಲ. ಪಾನೀಯದಲ್ಲಿ ನಮಗೆ ಬೇಕಾಗಿರುವುದು ಆ ಘಮವೇ.

ಈಗ ಒಂದು ಲೋಟಕ್ಕೆ 25 ಮಿ.ಲೀ. ಪಾಕ, 15 ಮಿ.ಲೀ. ನಿಂಬೆರಸ, 150 ಮಿ.ಲೀ. ತಣ್ಣೀರು ಮತ್ತು ಒಂದು ಚಿಟಿಕೆ ಉಪ್ಪು ಹಾಕಿ ಕಲಕಿ. ಔಷಧದ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವೇ ಇದಕ್ಕೆ ಸಾಕು. ನಮ್ಮ ನಾಟಿ ನಿಂಬೆಹಣ್ಣು ಚೆನ್ನಾಗಿ ಬಲಿತಿದ್ದರೆ ಒಂದರಲ್ಲಿ 15 ಮಿ.ಲೀ. ರಸಕ್ಕೆ ಮೋಸವಿಲ್ಲ. ಇದು ನಮ್ಮ ಮೂಲ ಲೋಟ. ಮುಂದಿನ ಎಲ್ಲ ಪಾನೀಯಗಳೂ ಇದರಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಡುವುದರಿಂದಲೇ ಹುಟ್ಟುತ್ತವೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ರುಚಿ ಸಪ್ಪೆ ಎನಿಸಿದಾಗ ನಮ್ಮ ಕೈ ತಾನಾಗಿ ಸಿಹಿಯ ಕಡೆಗೆ ಹೋಗುತ್ತದೆ. ಹಾಗೆ ಮಾಡದೆ ಮೊದಲು ಕಾಲು ಚಮಚ ಹುಳಿ ಹೆಚ್ಚಿಸಿ ನೋಡಿ, ಆಮೇಲೆ ಒಂದೆರಡು ಕಾಳು ಉಪ್ಪು ಹಾಕಿ ನೋಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಪಾಕವನ್ನು ಮುಟ್ಟಿ. ಬಹುತೇಕ ಸಂದರ್ಭಗಳಲ್ಲಿ ಪಾಕದ ಅಗತ್ಯವೇ ಬೀಳುವುದಿಲ್ಲ. ತೀರಾ ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆಯಾಗಿ ತೋರುತ್ತದೆ ಎಂಬುದೂ ನೆನಪಿನಲ್ಲಿರಲಿ. ಆದ್ದರಿಂದ ಮಂಜುಗಡ್ಡೆ ಹಾಕುವವರು ಹಾಕಿದ ಮೇಲೆಯೇ ರುಚಿ ನೋಡಬೇಕು, ಕರಗುವ ನೀರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೊದಲೇ ಸ್ವಲ್ಪ ಕಡಿಮೆ ನೀರು ಹಾಕಬೇಕು.

ಎರಡನೆಯ ಹೆಜ್ಜೆ: ಹುಳಿಯನ್ನು ಬದಲಿಸಿ ನೋಡುವುದು

ಎಲ್ಲ ಹುಳಿಯೂ ಒಂದೇ ಅಲ್ಲ. ನಿಂಬೆಯ ಹುಳಿ ನಾಲಿಗೆಯ ತುದಿಗೆ ಥಟ್ಟನೆ ತಾಗಿ ಹೊರಟುಹೋಗುತ್ತದೆ. ಹುಣಸೆಯದು ನಿಧಾನವಾಗಿ ಬಂದು ಬಹಳ ಹೊತ್ತು ಉಳಿಯುತ್ತದೆ. ಪುನರ್ಪುಳಿಯಲ್ಲಿ ಹುಳಿಯ ಜೊತೆ ತುಸು ಒಗರು ಮತ್ತು ಕಡುಗೆಂಪು ಬಣ್ಣ ಸೇರಿ ಬರುತ್ತವೆ. ನೆಲ್ಲಿಕಾಯಿ ಕುಡಿದ ಮೇಲೆ ಬರಿಯ ನೀರೂ ಸಿಹಿಯಾಗುತ್ತದೆ. ನನ್ನ ಅನುಭವದಲ್ಲಿ ಹೊಸ ಪಾನೀಯದ ಗುಟ್ಟು ಇರುವುದೇ ಈ ಬದಲಾವಣೆಯಲ್ಲಿ.

ಪುನರ್ಪುಳಿ ಕರಾವಳಿ ಮತ್ತು ಘಟ್ಟದ ಸೀಮೆಯದ್ದಾದರೂ ಅದರ ಒಣಸಿಪ್ಪೆ ಮೈಸೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಕೊಳ್ಳುವಾಗ ಉಪ್ಪು ಹಾಕಿ ಒಣಗಿಸಿದ್ದೋ ಹಾಗೆಯೇ ಒಣಗಿಸಿದ್ದೋ ಎಂದು ಕೇಳಿಕೊಳ್ಳಿ, ಏಕೆಂದರೆ ಉಪ್ಪಿನದ್ದು ಸಾರಿಗೆ ಸರಿಯೇ ಹೊರತು ಷರಬತ್ತಿಗೆ ಒಗ್ಗುವುದಿಲ್ಲ. ಎಂಟು ಹತ್ತು ಸಿಪ್ಪೆಗಳನ್ನು 200 ಮಿ.ಲೀ. ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ ಸೋಸಿದರೆ ಬರುವ ಗಟ್ಟಿ ರಸವನ್ನು ಮೂಲ ಲೋಟದಲ್ಲಿ ನಿಂಬೆಯ ಬದಲು 40 ಮಿ.ಲೀ. ಹಾಕಿ, ನೀರನ್ನು ಅಷ್ಟು ಕಡಿಮೆ ಮಾಡಿ. ಹುರಿದು ಪುಡಿಮಾಡಿದ ಜೀರಿಗೆ ಒಂದು ಚಿಟಿಕೆ ಬಿದ್ದರೆ ಇದು ಊಟದ ಜೊತೆಗೆ ಕುಡಿಯಲು ಯೋಗ್ಯವಾದ ಪಾನೀಯವಾಗುತ್ತದೆ.

ಬೇಸಿಗೆಯ ಮೊದಲಲ್ಲಿ ಬರುವ ಬೇಲದ ಹಣ್ಣಿನ ವಿಷಯ ಬೇರೆ. ಅದರ ತಿರುಳು ದಪ್ಪ, ವಾಸನೆ ಗಾಢ. ಒಂದು ಹಣ್ಣಿನ ತಿರುಳನ್ನು ನೀರಿನಲ್ಲಿ ಕಿವುಚಿ, ಬೀಜ ನಾರುಗಳನ್ನು ಸೋಸಿ, ಪಾಕ ಮತ್ತು ಏಲಕ್ಕಿ ಸೇರಿಸಿದರೆ ಅದು ಪಾನೀಯವೂ ಹೌದು, ಅರ್ಧ ಊಟವೂ ಹೌದು. ಇದಕ್ಕೆ ನಿಂಬೆ ಬೇಡ, ಸೋಡಾ ಅಂತೂ ಖಂಡಿತ ಬೇಡ.

ದೇವರಾಜ ಮಾರುಕಟ್ಟೆಗೆ ನೇರಳೆ ಬರುವ ಮಳೆಗಾಲದ ಆರಂಭದಲ್ಲಿ ವಿನೆಗರ್ ಬಳಸಿ ಮಾಡುವ ಒಂದು ಸಾರವನ್ನು ಪ್ರಯತ್ನಿಸಬಹುದು. ಬೀಜ ತೆಗೆದ ನೇರಳೆ 250 ಗ್ರಾಂ, ಸಕ್ಕರೆ 250 ಗ್ರಾಂ ಸೇರಿಸಿ ಕಿವುಚಿ, ಮುಚ್ಚಿ ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟರೆ ಹಣ್ಣು ತನ್ನ ರಸವನ್ನೆಲ್ಲ ಬಿಟ್ಟುಕೊಡುತ್ತದೆ. ಅದನ್ನು ಸೋಸಿ, 150ರಿಂದ 200 ಮಿ.ಲೀ. ಸೇಬಿನ ವಿನೆಗರ್ ಬೆರೆಸಿ, ಇನ್ನೆರಡು ದಿನ ಬಿಟ್ಟರೆ ವಿನೆಗರಿನ ಘಾಟು ಇಳಿದು ಹಣ್ಣಿನ ಗುಣ ಮೇಲೆ ಬರುತ್ತದೆ. ಲೋಟಕ್ಕೆ 30 ಮಿ.ಲೀ. ಸಾರ, ಉಳಿದದ್ದು ತಣ್ಣನೆಯ ಸೋಡಾ. ಸೀಬೆಹಣ್ಣಿನಿಂದಲೂ ಹೀಗೆಯೇ ಮಾಡಬಹುದು. ಹುಳಿ ಪದಾರ್ಥಗಳನ್ನು ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡಬಾರದು, ಗಾಜು ಅಥವಾ ಸ್ಟೀಲ್ ಮಾತ್ರ ಬಳಸಬೇಕು.

ಮೂರನೆಯ ಹೆಜ್ಜೆ: ಘಮ

ಹಸಿಶುಂಠಿಯನ್ನು ತುರಿದು ಹಿಂಡಿದ ರಸವನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ಬಿಳಿಯ ಗಸಿ ನಿಲ್ಲುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಪಾನೀಯ ನುಣುಪಾಗಿರುತ್ತದೆ. ಲೋಟಕ್ಕೆ ಅರ್ಧ ಚಮಚ ಸಾಕು. ಒಣಶುಂಠಿಯ ಖಾರ ಹಸಿಶುಂಠಿಯದಕ್ಕಿಂತ ತೀಕ್ಷ್ಣ, ಗಂಟಲಿನಲ್ಲಿ ನಿಲ್ಲುವಂಥದ್ದು. ಅದನ್ನು ಬಿಸಿ ಪಾನೀಯಗಳಿಗೂ ಹಬ್ಬದ ಪಾನಕಕ್ಕೂ ಇಟ್ಟುಕೊಳ್ಳುವುದು ಒಳ್ಳೆಯದು.

ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೈಸೂರಿನ ವೀಳ್ಯದೆಲೆಯನ್ನು ಊಟದ ನಂತರದ ತಟ್ಟೆಗಷ್ಟೇ ಮೀಸಲಿಡುವುದು ನ್ಯಾಯವಲ್ಲ. ಎಳೆಯ ಚಿಗುರೆಲೆ ಎರಡನ್ನು ತೊಟ್ಟು ತೆಗೆದು ಹರಿದು, ಚಿಟಿಕೆ ಉಪ್ಪು ಮತ್ತು ತಣ್ಣನೆಯ ಸಕ್ಕರೆ ಪಾಕದ ಜೊತೆ ಒರಳಿನಲ್ಲಿ ಮೆಲ್ಲಗೆ ಜಜ್ಜಿ, ಐದು ನಿಮಿಷ ಬಿಟ್ಟು ಸೋಸಿಕೊಳ್ಳಿ. ಕುದಿಸಿದರೆ ಅದರ ಘಮ ಹಾರಿ ಬರಿಯ ಸೊಪ್ಪಿನ ವಾಸನೆ ಉಳಿಯುತ್ತದೆ, ಹೆಚ್ಚು ಅರೆದರೆ ಕಹಿ ಬಿಡುತ್ತದೆ. ಇದಕ್ಕೆ ನಿಂಬೆರಸವನ್ನು ಹತ್ತು ಮಿ.ಲೀ.ಗೆ ಇಳಿಸಿ, ನೀರಿನ ಬದಲು ಎಳನೀರು ಹಾಕಿದರೆ ನನ್ನ ಮಟ್ಟಿಗೆ ಇದು ಮೈಸೂರಿನದೇ ಎನ್ನಬಹುದಾದ ಪಾನೀಯ.

ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಸೊಗದೆ ಬೇರಿಗೆ ವೆನಿಲಾ ಹೋಲುವ ಪರಿಮಳವಿದೆ. ತೊಳೆದು ಜಜ್ಜಿ, ನಡುವಿನ ಗಟ್ಟಿ ಕಡ್ಡಿಯನ್ನು ಎಸೆದು, ತೊಗಟೆಯನ್ನು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದ ನೀರಿನಲ್ಲಿ ಪಾಕ ಮಾಡಿಕೊಳ್ಳಬೇಕು. ಇದಕ್ಕೆ ಬೆಲ್ಲಕ್ಕಿಂತ ಸಕ್ಕರೆಯೇ ಸರಿ. ಬೆಲ್ಲದ ಘಮ ಬೇರಿನ ಪರಿಮಳವನ್ನು ಮುಚ್ಚಿಹಾಕುತ್ತದೆ. ಲಾವಂಚದ ಬೇರನ್ನಾದರೋ ಪಾಕಕ್ಕೆ ಹಾಕುವುದಕ್ಕಿಂತ, ತೊಳೆದು ಕುಡಿಯುವ ನೀರಿನ ಮಡಕೆಯಲ್ಲಿ ರಾತ್ರಿ ಬಿಟ್ಟು ಆ ನೀರನ್ನೇ ಬಳಸುವುದು ಸೊಗಸು.

ನಾಲ್ಕನೆಯ ಹೆಜ್ಜೆ: ನೀರಿನ ಜಾಗಕ್ಕೆ ಬರುವವು

ಸೋಡಾದ ಜೀವ ಅದರ ಅನಿಲದಲ್ಲಿದೆ, ಆ ಅನಿಲ ತಣ್ಣನೆಯ ನೀರಿನಲ್ಲಿ ಹೆಚ್ಚು ಹೊತ್ತು ಕರಗಿ ನಿಲ್ಲುತ್ತದೆ. ಆದ್ದರಿಂದ ಬಾಟಲಿ, ಲೋಟ, ಪಾಕ ಮೂರನ್ನೂ ತಣ್ಣಗೆ ಮಾಡಿ, ಲೋಟವನ್ನು ಓರೆ ಹಿಡಿದು, ಸೋಡಾವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಸುರಿದು, ಒಂದೇ ಸುತ್ತು ಕಲಕಬೇಕು. ಅಡುಗೆ ಸೋಡಾ ಹಾಕಿ ನೊರೆ ಬರಿಸುವುದನ್ನು ಕೆಲವರು ಮಾಡುತ್ತಾರೆ. ಅದು ಹುಳಿಯನ್ನೇ ಕೊಂದು, ಬಾಯಲ್ಲಿ ಚೌಳಿನ ರುಚಿ ಬಿಡುತ್ತದೆ.

ಎಳನೀರಿಗೆ ಮದ್ದೂರಿನ ಮಾರುಕಟ್ಟೆ ಹೆಸರಾದದ್ದು. ಮನೆಗೆ ತಂದ ಕಾಯಿಯನ್ನು ಬೇಕಾದಾಗಲೇ ಕೆತ್ತಬೇಕು, ಏಕೆಂದರೆ ಗಾಳಿ ಸೋಕಿದ ಎಳನೀರು ಹೊತ್ತು ಕಳೆದಂತೆ ಬಣ್ಣವನ್ನೂ ರುಚಿಯನ್ನೂ ಕಳೆದುಕೊಳ್ಳುತ್ತದೆ. ಎಳನೀರಿನಲ್ಲಿ ತನ್ನದೇ ಸಿಹಿ ಮತ್ತು ಉಪ್ಪು ಇರುವುದರಿಂದ ಪಾಕವನ್ನು ಅರ್ಧಕ್ಕೆ ಇಳಿಸಿ, ಉಪ್ಪನ್ನು ಬಿಟ್ಟುಬಿಡಿ. ಇಪ್ಪತ್ತು ನಿಮಿಷ ನೆನೆದ ಕಾಮಕಸ್ತೂರಿ ಬೀಜ ಒಂದು ಚಮಚ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಕಬ್ಬಿನ ಹಾಲು ತರುವವರು ಗಾಣದಲ್ಲಿ ಕಬ್ಬಿನ ಜೊತೆಯೇ ನಿಂಬೆ ಮತ್ತು ಶುಂಠಿಯನ್ನು ಇಟ್ಟು ಅರೆಸಿಕೊಳ್ಳಿ, ಮಂಜುಗಡ್ಡೆ ಹಾಕಿಸಬೇಡಿ. ಹಿಂಡಿದ ಹಾಲು ಬೇಗ ಕಪ್ಪಾಗುವುದು ಅದರಲ್ಲಿರುವ ಕಿಣ್ವಗಳಿಂದ, ನಿಂಬೆಯ ಹುಳಿ ಅದನ್ನು ತಡೆಯುತ್ತದೆ. ಆದರೂ ಒಂದೆರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ಗಾಣವೂ ನೀರೂ ಶುಚಿಯಾಗಿರುವ ಕಡೆಯೇ ಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಪಾಕ ಬೇಡವೇ ಬೇಡ: 150 ಮಿ.ಲೀ. ಕಬ್ಬಿನ ಹಾಲಿಗೆ 20 ಮಿ.ಲೀ. ಪುನರ್ಪುಳಿಯ ಗಟ್ಟಿ ರಸ ಬಿದ್ದರೆ ಬಣ್ಣವೂ ರುಚಿಯೂ ಹೊಸದಾಗುತ್ತವೆ.

ಕಾಫಿಯನ್ನು ಮರೆಯುವಂತಿಲ್ಲ. ಚಿಕೋರಿ ಬೆರೆಸದ ತರಿತರಿ ಪುಡಿ 60 ಗ್ರಾಂ ತೆಗೆದುಕೊಂಡು, ಅರ್ಧ ಲೀಟರ್ ತಣ್ಣೀರಿನಲ್ಲಿ ಕಲಸಿ, ಫ್ರಿಜ್ಜಿನಲ್ಲಿ ಹನ್ನೆರಡರಿಂದ ಹದಿನಾಲ್ಕು ಗಂಟೆ ಇಟ್ಟು, ಬಟ್ಟೆಯಲ್ಲಿ ಸೋಸಿದರೆ ಬಿಸಿ ಡಿಕಾಕ್ಷನ್ನಿಗಿಂತ ಕಹಿಯೂ ಹುಳಿಯೂ ಕಡಿಮೆಯಿರುವ ತಣ್ಣನೆಯ ಡಿಕಾಕ್ಷನ್ ಬರುತ್ತದೆ. ಮೊದಲು ಲೋಟಕ್ಕೆ ಸೋಡಾ ಅಥವಾ ಟಾನಿಕ್ ವಾಟರ್ ಹಾಕಿ, ಅದರ ಮೇಲೆ ಈ ಡಿಕಾಕ್ಷನ್ನನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಬಿಡಬೇಕು. ಅವಸರ ಮಾಡಿದರೆ ನೊರೆ ಉಕ್ಕಿ ಚೆಲ್ಲುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ಮೇಲೆ ಹಿಂಡಿದರೆ ಅದರ ಎಣ್ಣೆಯ ಘಮ ಕಾಫಿಯ ಜೊತೆ ಬಹಳ ಚೆನ್ನಾಗಿ ಕೂಡುತ್ತದೆ.

ಐದನೆಯ ಹೆಜ್ಜೆ: ತಟ್ಟೆಯ ಜೊತೆ ಲೋಟ

ಪಾನೀಯವನ್ನು ಬರಿಬಾಯಲ್ಲಿ ಕುಡಿದು ಒಳ್ಳೆಯದು ಕೆಟ್ಟದ್ದು ಎಂದು ತೀರ್ಮಾನಿಸಬಾರದು. ಒಂದು ಗುಟುಕು, ಒಂದು ತುತ್ತು, ಮತ್ತೆ ಒಂದು ಗುಟುಕು: ಎರಡನೆಯ ಗುಟುಕಿನಲ್ಲಿ ಸಿಗುವ ರುಚಿಯೇ ನಿಜವಾದದ್ದು.

ಎಣ್ಣೆಯಲ್ಲಿ ಕರಿದ ತಿಂಡಿಗೆ ಹುಳಿ ಮತ್ತು ಅನಿಲ ಬೇಕು. ಮದ್ದೂರು ವಡೆಯ ಗರಿಗರಿ, ಅದರೊಳಗಿನ ಈರುಳ್ಳಿಯ ಸಿಹಿ, ನಾಲಿಗೆಗೆ ಹತ್ತುವ ಎಣ್ಣೆ ಇವುಗಳಿಗೆ ಶುಂಠಿ ನಿಂಬೆ ಸೋಡಾದಷ್ಟು ಒಪ್ಪುವ ಜೋಡಿಯನ್ನು ನಾನು ಕಂಡಿಲ್ಲ. ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ, ಸೋಡಾ ಬಾಯಿಯನ್ನು ತೊಳೆಯುತ್ತದೆ, ಮುಂದಿನ ತುಂಡು ಮೊದಲ ತುಂಡಿನಂತೆಯೇ ಗರಿಯಾಗಿ ತೋರುತ್ತದೆ. ಚಕ್ಕುಲಿ, ನಿಪ್ಪಟ್ಟುಗಳಿಗೂ ಇದೇ ಮಾತು.

ಖಾರದ ವಿಷಯಕ್ಕೆ ಬಂದರೆ ಸೋಡಾವನ್ನು ದೂರ ಇಡಿ. ಅನಿಲದ ಚುಚ್ಚು ಮೆಣಸಿನಕಾಯಿಯ ಉರಿಯನ್ನು ಕೆರಳಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಪ್ರೋಟೀನು ಅದನ್ನು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಮಂಡ್ಯದ ಕಡೆ ಉಪ್ಸಾರಿನ ಖಾರ ನಂಚಿಕೊಂಡು ಮುದ್ದೆ ಉಂಡವರು ಮಜ್ಜಿಗೆ ಕೇಳುವುದು ಸುಮ್ಮನೆ ಅಲ್ಲ. ಆ ಮಜ್ಜಿಗೆಯನ್ನೇ ಹೊಸದಾಗಿಸಬಹುದು: ಹುರಿದ ಜೀರಿಗೆ, ಕರಿಬೇವು, ಎಳೆ ಸೌತೆಕಾಯಿಯ ತುರಿಯ ರಸ ಸೇರಿಸಿ, ಹಸಿಮೆಣಸಿನಕಾಯಿಯನ್ನು ಮಾತ್ರ ಬಿಡಿ, ಊಟದಲ್ಲೇ ಅದು ಸಾಕಷ್ಟಿದೆ. ಕೆಂಪು ಚಟ್ನಿ ಬಳಿದ ಮೈಸೂರು ಮಸಾಲೆ ದೋಸೆಗೆ ಹಾಲು ಬೆರೆಸಿದ ತಣ್ಣನೆಯ ಕಾಫಿ ಒಪ್ಪುತ್ತದೆ. ಬಾಡೂಟಕ್ಕೆ, ಅದರಲ್ಲೂ ನಾಟಿ ಕೋಳಿ ಸಾರಿಗೆ, ಸೋಡಾ ಇಲ್ಲದ ಪುನರ್ಪುಳಿ ನೀರು ಸರಿ. ಅದರ ಒಗರು ಕೊಬ್ಬನ್ನು ಇಳಿಸುತ್ತದೆ, ಮಸಾಲೆಯನ್ನು ಮುಚ್ಚುವುದಿಲ್ಲ.

ಹುಳಿಯ ಊಟಕ್ಕೆ ಹುಳಿಯ ಪಾನೀಯ ಕೊಟ್ಟರೆ ಎರಡೂ ಮಂಕಾಗುತ್ತವೆ. ಪುಳಿಯೋಗರೆ ಮತ್ತು ಚಿತ್ರಾನ್ನಕ್ಕೆ ಎಳನೀರು, ಇಲ್ಲವೇ ಸೊಗದೆ ಬೇರಿನ ಪಾಕ ಬೆರೆಸಿದ ತಣ್ಣನೆಯ ಹಾಲು ತಕ್ಕದ್ದು. ತೆಂಗಿನ ಮೃದುತ್ವವನ್ನು ನಮ್ಮ ಹಿರಿಯರು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಒತ್ತು ಶಾವಿಗೆಯ ಜೊತೆ ಕಾಯಿಹಾಲು ಬಡಿಸುವ ಪದ್ಧತಿಯೇ ಸಾಕ್ಷಿ. ಆ ಕಾಯಿಹಾಲಿಗೆ ನಂಜನಗೂಡಿನ ರಸಬಾಳೆಯನ್ನು ಕಿವುಚಿ, ಇನ್ನಷ್ಟು ತೆಳುವಾಗಿಸಿ, ಏಲಕ್ಕಿ ಹಾಕಿ ಲೋಟದಲ್ಲಿ ಕೊಟ್ಟರೆ ಅದು ಬೆಳಗಿನ ಉಪಾಹಾರಕ್ಕೆ ಹೊಸ ಜೋಡಿ. ರಸಬಾಳೆ ಪೂರ್ತಿ ಮಾಗಿರಬೇಕು, ಇಲ್ಲವಾದರೆ ಒಗರು ಉಳಿಯುತ್ತದೆ.

ಸಿಹಿತಿಂಡಿಯ ಜೊತೆ ಸಿಹಿ ಪಾನೀಯ ಇಟ್ಟರೆ ಪಾನೀಯ ಸೋಲುತ್ತದೆ: ಮೈಸೂರು ಪಾಕಿನ ಮೇಲೆ ಕುಡಿದ ನಿಂಬೆ ಷರಬತ್ತು ಬರಿಯ ಹುಳಿನೀರಿನಂತೆ ತೋರುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಅದಕ್ಕೆ ಕಹಿಯೇ ಜೊತೆ. ಸಕ್ಕರೆ ಹಾಕದ ತಣ್ಣನೆಯ ಡಿಕಾಕ್ಷನ್ ಸೋಡಾ ತುಪ್ಪದ ಭಾರವನ್ನು ಇಳಿಸಿ, ಕಡಲೆಹಿಟ್ಟು ಹುರಿದ ಘಮವನ್ನು ಮುಂದಕ್ಕೆ ತರುತ್ತದೆ. ಹೋಳಿಗೆಗಾದರೆ ಸಪ್ಪೆ ಹಾಲೇ ಚೆಂದ, ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಚಳಿಗಾಲದಲ್ಲಿ ಹಿದುಕಿದ ಅವರೆಬೇಳೆ ಸಾರಿನ ಊಟವಾದ ಮೇಲೆ ಜೀರಿಗೆ, ಕೊತ್ತಂಬರಿ ಬೀಜ, ಒಣಶುಂಠಿಯ ಕಷಾಯ ಹೊಟ್ಟೆಗೂ ಹಿತ, ಬಾಯಿಗೂ ಹಿತ. ಅದಕ್ಕೆ ಹಾಲು ಬೆರೆಸುವವರು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆಯೇ ಬೆಲ್ಲದ ಪಾಕ ಹಾಕಬೇಕು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ.

ರುಚಿ ನೋಡುವ ಕ್ರಮ

ಸಣ್ಣ ಬಟ್ಟಲು ಮೂರು ಸಾಕು. ಮೊದಲನೆಯದರಲ್ಲಿ ಮೂಲ ಪಾನೀಯ, ಉಳಿದೆರಡರಲ್ಲಿ ಒಂದೊಂದೇ ಬದಲಾವಣೆ. ಒಂದೇ ಬಟ್ಟಲಿನಲ್ಲಿ ಎರಡು ವಸ್ತುಗಳನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ತಿಂಡಿಯ ಹೆಸರು, ಅಳತೆ, ಹಣ್ಣಿನ ಕಾಲ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಪಾಕವನ್ನು ಪೂರ್ತಿ ಕೈಬಿಟ್ಟು, ಮಜ್ಜಿಗೆ, ಉಪ್ಪು ಜೀರಿಗೆಯ ಪುನರ್ಪುಳಿ ನೀರು, ಲಾವಂಚದ ನೀರು ಇವುಗಳನ್ನೇ ಬೆಳೆಸುತ್ತ ಹೋಗಬಹುದು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಅವರಿಗೆ ಪ್ರೀತಿಯಿಂದಲೇ ನೆನಪಿಸಬೇಕಾಗುತ್ತದೆ.

ನೆಂಟರು ಬಂದಾಗ

ದಸರೆಯ ಸಂಜೆಗಳಲ್ಲಿ ಗೊಂಬೆ ನೋಡಲು ಬರುವ ಹೆಂಗಸರು ಮಕ್ಕಳಿಗೆ ಗೊಂಬೆ ಬಾಗಿನದ ತಿಂಡಿಯ ಜೊತೆ ಏನಾದರೂ ಕುಡಿಯಲು ಕೊಡಬೇಕೆಂದರೆ ಲೋಟಲೋಟಕ್ಕೆ ಅಳೆಯುತ್ತ ಕೂರಲಾಗುವುದಿಲ್ಲ. ಇಪ್ಪತ್ತು ಜನಕ್ಕೆ 500 ಮಿ.ಲೀ. ಪಾಕ, 300 ಮಿ.ಲೀ. ನಿಂಬೆರಸ, ಅರ್ಧ ಚಮಚ ಉಪ್ಪು, ಶುಂಠಿಯ ತಿಳಿ 50 ಮಿ.ಲೀ. ಒಟ್ಟಿಗೆ ಸೇರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ನಿಂಬೆರಸ ಹಿಂಡಿ ಬಹಳ ಹೊತ್ತಾದರೆ ಕಹಿಗೆ ತಿರುಗುವುದರಿಂದ ಇದನ್ನು ಮಧ್ಯಾಹ್ನದ ಮೇಲೆಯೇ ಮಾಡಿಕೊಳ್ಳುವುದು ವಾಸಿ. ಬಂದವರಿಗೆ ಲೋಟಕ್ಕೆ ಮೂರು ದೊಡ್ಡ ಚಮಚ, ಅಂದರೆ ಸುಮಾರು 45 ಮಿ.ಲೀ. ಹಾಕಿ, ಮಕ್ಕಳಿಗೆ ತಣ್ಣೀರು, ದೊಡ್ಡವರಿಗೆ ಸೋಡಾ ಸುರಿದು ಕೊಡಿ. ಇಪ್ಪತ್ತು ಲೋಟಕ್ಕೆ ಮೂರು ಲೀಟರ್ ಬೇಕಾಗುತ್ತದೆ. ಮಂಜುಗಡ್ಡೆಯನ್ನು ಕಾಯಿಸಿ ಆರಿಸಿದ ನೀರಿನಲ್ಲೇ ಮಾಡಿಟ್ಟುಕೊಳ್ಳಿ. ತಟ್ಟೆಯಲ್ಲಿ ಕೋಡುಬಳೆ ಇದ್ದರೆ ಈ ಪಾನೀಯ ಹಾಗೆಯೇ ಇರಲಿ. ರವೆ ಉಂಡೆ ಇದ್ದರೆ ನೀರನ್ನು ಹೆಚ್ಚಿಸದೆ ಪಾಕವನ್ನು 350 ಮಿ.ಲೀ.ಗೆ, ನಿಂಬೆರಸವನ್ನು 150 ಮಿ.ಲೀ.ಗೆ ಇಳಿಸಿ, ಶುಂಠಿಯ ತಿಳಿಯನ್ನು ಅಷ್ಟೇ ಉಳಿಸಿಕೊಂಡು, ಲೋಟಕ್ಕೆ ಎರಡು ದೊಡ್ಡ ಚಮಚದಷ್ಟು ಹಾಕಿದರೆ ಸಾಕು. ಹುಳಿ ಹಿಂದೆ ಸರಿದು ಶುಂಠಿಯ ಖಾರ ಮುಂದೆ ಬರುತ್ತದೆ, ಉಂಡೆಯ ಸಿಹಿಯ ಮುಂದೆ ಅದೇ ನಿಲ್ಲುವುದು.